ಮುಕ್ತಾಯ ಕೊಡದ ತಾಳ

ಆ ಸಭಾಂಗಣದ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿಬಂದದ್ದು ಒಂದೇ ಒಂದು ಸಲ. ಅದನ್ನು ಹೇಳಿಸುವಷ್ಟರಲ್ಲಿ ನನ್ನ ಯೌವನವೇ ಸವೆದುಹೋಗಿತ್ತು.

"ಏ ಪೊರಕೆ, ಅಲ್ಲೇನೇ ಕುಣೀತೀಯ? ನಿಮ್ಮಮ್ಮ ಒರೆಸಿದ್ ನೆಲ ಇನ್ನೂ ಒಣಗಿಲ್ಲ!"

ನೃತ್ಯಶಾಲೆಯ ಗುರುಗಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಅಮ್ಮ ಆ ಶಾಲೆಯ ನೆಲ ಒರೆಸುತ್ತಿದ್ದಳು, ಕಕ್ಕಸು ತೊಳೆಯುತ್ತಿದ್ದಳು. ಅವಳ ಮುಂದೆ ಮುಂದೆ ನಾನು ಗುಡಿಸುತ್ತಿದ್ದೆ. ಬಾಗಿಲ ಸಂದಿಯಿಂದ ನೋಡಿ ಕಲಿತವಳನ್ನು ಗುರುಗಳು ಒಳಗೆ ಬಿಟ್ಟುಕೊಂಡದ್ದು ದಯೆಯಿಂದಲ್ಲ. ಅವರ ಮಂಡಿ ಸವೆದಿತ್ತು, ಹೊಸ ಹೆಜ್ಜೆ ಹೊಳೆಯುವುದು ನಿಂತಿತ್ತು. ನೃತ್ಯ ಕಟ್ಟುವವಳು ನಾನಾದೆ, ಅದನ್ನು ಮಕ್ಕಳ ಕಾಲಿಗೆ ಕೂರಿಸುವವಳು ನಾನಾದೆ, ರಂಗದ ಅಂಚಿನಲ್ಲಿ ಕುಳಿತು ತಾಳ ಹಿಡಿದು 'ತಕಧಿಮಿ' ಎಂದು ಜತಿ ಹೇಳುವವಳೂ ನಾನಾದೆ. ಚಪ್ಪಾಳೆ ಮಾತ್ರ ಅವರದು.

ಶಾಲೆಯಲ್ಲೊಂದು ಕಟ್ಟಳೆಯಿತ್ತು. ತಾಳದವರು ಮುಕ್ತಾಯದ ಜತಿ ಹೇಳುವ ತನಕ ಕುಣಿಯುವವರ ಕಾಲು ನಿಲ್ಲಕೂಡದು. ನಿಂತ ಕಾಲಿಗೆ ಗುರುಗಳ ಕೋಲು ಬೀಳುತ್ತಿತ್ತು. ಸ್ವಂತ ಮಗಳಿಗೂ ವಿನಾಯಿತಿಯಿರಲಿಲ್ಲ. ಆ ಹುಡುಗಿಯ ಬಾಸುಂಡೆಗಳಿಗೆ ಎಣ್ಣೆ ಹಚ್ಚುತ್ತಿದ್ದವಳು ನಮ್ಮಮ್ಮ.

ಅಮ್ಮನ ದುಡಿಮೆಯನ್ನೇ ಒಂದು ನೃತ್ಯವಾಗಿ ಕಟ್ಟಿದೆ: ಬಗ್ಗುವುದು, ಬಟ್ಟೆ ಹಿಂಡುವುದು, ಸೊಂಟ ಹಿಡಿದು ಏಳುವುದು.

"ಥೂ! ಕಕ್ಕಸು ತೊಳೆಯೋದನ್ನ ತಂದು ರಂಗಕ್ಕೆ ಹಾಕ್ತೀಯಲ್ಲೇ, ಹಲ್ಕಾ ಮುಂಡೆ!" ಎಂದವರು, ವಾರ ಕಳೆಯುವುದರೊಳಗೆ ಅದಕ್ಕೆ 'ಅಪ್ಸರೆಯ ಜಲಕ್ರೀಡೆ' ಎಂದು ಹೆಸರಿಟ್ಟು ಮಗಳಿಗೆ ಕಲಿಸಹೇಳಿದರು.

"ಕಟ್ಟಿದ್ದು ನಾನು ಅಂತ ಒಂದ್ ಮಾತು ಹೇಳಿ, ಗುರುಗಳೇ."

"ನೆಲ ಒರೆಸೋಳ ಮಗಳು ಕಟ್ಟಿದ್ದನ್ನ ನೋಡೋಕೆ ಯಾವನೇ ಬರ್ತಾನೆ? ಬಾಯ್ ಮುಚ್ಕೊಂಡು ತಾಳ ಹಾಕು."

ಪ್ರದರ್ಶನದ ಸಂಜೆ, ಸಂಯೋಜನೆ ತಮ್ಮದೆಂದು ಸಾರಿ ಅವರು ಪರದೆಯ ಮರೆಗೆ ಸರಿದರು. ಹುಡುಗಿ ಕುಣಿದಳು, ತುಂಬಿದ ಸಭೆ ಉಸಿರು ಬಿಗಿಹಿಡಿದು ನೋಡಿತು. ಮುಕ್ತಾಯದ ಹೊತ್ತು ಬಂತು. ನಾನು ಅದನ್ನು ಹೇಳಲಿಲ್ಲ. ಜತಿಯನ್ನು ತಿರುಗಿಸಿ ಮತ್ತೆ ಮೊದಲಿಗೆ ತಂದೆ.

"ಏನಾಯ್ತೇ ನಿಂಗೆ?" ಎಂದು ಮೃದಂಗದವರು ಪಿಸುಗುಟ್ಟಿದರು.

"ಬಾರಿಸ್ತಾ ಇರಿ ಮಾವ."

ಮತ್ತೊಂದು ಸುತ್ತು, ಮಗದೊಂದು ಸುತ್ತು. ಗುರುಗಳು ಬಗ್ಗಿಕೊಂಡೇ ಕುಂಟುತ್ತ ನನ್ನ ಬಳಿಗೆ ಬಂದರು.

"ಮುಗಿಸೇ!"

"ಹೆಸರು ಹೇಳಿ, ಮುಗಿಸ್ತೀನಿ." ನನ್ನ ಕೈ ತಾಳ ಹಾಕುತ್ತಲೇ ಇತ್ತು.

"ಬೋಳಿಮಗಳೇ, ಹಲ್ಲು ಉದುರಿಸಿಬಿಡ್ತೀನಿ!" ಎಂದವರೇ ಮಗಳ ಕಡೆ ತಿರುಗಿದರು. "ನೀನಾದ್ರೂ ನಿಲ್ಲೇ!"

ಹುಡುಗಿಯ ಕಾಡಿಗೆ ಕರಗಿ ಕೆನ್ನೆಗಿಳಿದಿತ್ತು. ತೊಡೆ ನಡುಗುತ್ತಿತ್ತು. ಏದುಸಿರಿನ ನಡುವೆಯೇ ಅಂದಳು: "ತಾಳ ನಿಂತಿಲ್ವಲ್ಲಪ್ಪಾ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಗಳು ಬೆವರೊರೆಸಿಕೊಂಡು ಧ್ವನಿವರ್ಧಕದ ಮುಂದೆ ನಿಂತರು.

"ಈ ನೃತ್ಯವನ್ನು ಸಂಯೋಜಿಸಿದವಳು..."

ಮಾತು ಅಲ್ಲೇ ಸಿಕ್ಕಿಕೊಂಡಿತು. ತಿರುಗಿ ನನ್ನತ್ತ ನೋಡಿದರು. ಅವರು ಕೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು:

"ಏ ಪೊರಕೆ, ನಿನ್ ಹೆಸರೇನೇ?"

ನಾನು ಹೇಳಿದೆ. ಅವರೂ ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ ಮುಕ್ತಾಯ ಕೊಟ್ಟೆ.

ಮರುದಿನ ಶಾಲೆಯ ಹಿಂದೆ ನಾವಿದ್ದ ಕೋಣೆಯಿಂದ ನಮ್ಮ ಪಾತ್ರೆಪಗಡೆ ಬೀದಿಗೆ ಬಿದ್ದವು. ಅವನ್ನು ಆಯ್ದು ಗಂಟು ಕಟ್ಟುತ್ತ ಅಮ್ಮ ಗೊಣಗಿದಳು: "ಕೂಳೂ ಹೋಯ್ತು, ಸೂರೂ ಹೋಯ್ತು. ಹೇಳಿಸಿದ್ದು ಹೇಳಿಸಿದೆ, ಇನ್ನೊಂಚೂರು ಜೋರಾಗಿ ಹೇಳಿಸ್ಬಾರ್ದಿತ್ತೇನೇ? ಹಿಂದ್ಗಡೆ ನಂಗೆ ಸರಿಯಾಗ್ ಕೇಳಿಸ್ಲೇ ಇಲ್ಲ."

ಆಮೇಲೆ ಯಾವ ನೃತ್ಯಶಾಲೆಯೂ ನನ್ನನ್ನು ಬಾಗಿಲೊಳಗೆ ಸೇರಿಸಲಿಲ್ಲ. ಗೋದಾಮುಗಳಲ್ಲಿ, ಮಹಡಿ ಮೇಲಿನ ಬಟ್ಟೆ ಒಣಹಾಕುವ ಜಾಗಗಳಲ್ಲಿ ಕಲಿಸಿದೆ, ಕಟ್ಟಿದೆ. ನಾನು ಕಟ್ಟಿದ ನೃತ್ಯಗಳು ದೊಡ್ಡ ದೊಡ್ಡ ರಂಗಗಳನ್ನೇರಿದವು. ಅವುಗಳ ಜೊತೆ ನನ್ನ ಹೆಸರು ಏರಿದ್ದು ಅಪರೂಪ.

ಇವತ್ತು ಮೊಮ್ಮಗಳು ಬಂದಿದ್ದಾಳೆ. ದೊಡ್ಡದೊಂದು ನೃತ್ಯತಂಡದಲ್ಲಿ ತಾಳ ಹಾಕುವ ಕೆಲಸ ಅವಳದು. ಅವಳು ಕಟ್ಟಿದ ನೃತ್ಯವನ್ನು ತಂಡದ ಯಜಮಾನಿ ತನ್ನದೆಂದು ಹೇಳಿಕೊಂಡಿದ್ದಾಳಂತೆ. ಊಟಕ್ಕೆ ಕರೆದರೂ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಹೆದ್ರಿಕೆ ಆಗ್ಲಿಲ್ವೇನಜ್ಜಿ?"

"ಆಯ್ತು. ತಾಳ ಹಾಕ್ತಾನೇ ಇದ್ದೆ."

ಅವಳು ಗಕ್ಕನೆ ನಿಂತಳು.

"ಮೊದ್ಲಿಂದ ಇನ್ನೊಂದ್ಸಲ ಹೇಳಜ್ಜಿ. ನಾಳೆ ಸಾಯಂಕಾಲ ನಮ್ ಪ್ರದರ್ಶನ."