ಮುಟ್ಟಿದ ಕೈ

ಕೇಳಿಯೇಬಿಡಬೇಕು ಎಂದು ಅವನು ನಿಶ್ಚಯಿಸಿದಾಗ ಬಾಯ್ತುಂಬ ಪೇಸ್ಟಿನ ನೊರೆಯಿತ್ತು. ಉಗಿದ. ಬಾಯಿ ಮುಕ್ಕಳಿಸಿ ಕನ್ನಡಿಗೆ ಹೇಳಿ ನೋಡಿದ: “ಮೇಡಂ, ಇವತ್ತಿಂದ ಫೀಸು...” ಮಾತು ಅಲ್ಲಿಗೇ ನಿಂತಿತು. ಕನ್ನಡಿಯೊಳಗಿನವನು ಆಗಲೇ ನಗತೊಡಗಿದ್ದ. ಸಾಲ ಕೇಳಲು ಬಂದವನ ನಗು.

“ಯಾರ ಹತ್ರ ಮಾತಾಡ್ತಿದೀರಿ?” ಬಚ್ಚಲಿನ ಹೊರಗಿನಿಂದ ಹೆಂಡತಿಯ ದನಿ.

“ಯಾರ ಹತ್ರಾನೂ ಇಲ್ಲ.”

“ಹಾಗಾದ್ರೆ ಬೇಗ ಬನ್ನಿ. ನಂಗೆ ಸ್ಕೂಲಿಗೆ ಹೊತ್ತಾಯ್ತು.”

ಅವಳು ಟೀಚರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಳು: “ನಿಮ್ಮ ರೂಮಿನ ಬಾಡಿಗೆ ಈ ಸಲಾನೂ ನಾನೇ ಕಟ್ಟಿದೀನಿ. ಬಾಡಿಗೆ ನಂದು, ಪುಣ್ಯ ನಿಮ್ದು. ಹಂಚಿಕೆ ಚೆನ್ನಾಗಿದೆ.”

ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವಳು ನಗುತ್ತ ಅಂದಿದ್ದಳು.

ರೂಮು ಜೆರಾಕ್ಸ್ ಅಂಗಡಿಯ ಮೇಲಿತ್ತು. ಒಂದು ಎತ್ತರದ ಮಂಚ, ಹಸಿರು ಪರದೆ, ಗೋಡೆಗೆ ಹೊಡೆದ ರಾಟೆಯ ಹಗ್ಗ, ಮೂಲೆಯಲ್ಲಿ ನೇತುಬಿದ್ದ ಪ್ಲಾಸ್ಟಿಕ್ ಬೆನ್ನೆಲುಬು. ಕೆಳಗೆ ಮೆಷಿನ್ನು ಓಡಿದಾಗಲೆಲ್ಲ ಆ ಬೆನ್ನೆಲುಬು ಸಣ್ಣಗೆ ನಡುಗುತ್ತಿತ್ತು. ಫೀಸಿನ ಬೋರ್ಡೂ ಇತ್ತು, ಬಾಗಿಲ ಹಿಂದಿನ ಗೋಡೆಯಲ್ಲಿ. ಬಾಗಿಲು ತೆರೆದಾಗ ಅದು ಕಾಣುತ್ತಿರಲಿಲ್ಲ. ಅವನು ಬಾಗಿಲನ್ನು ಸದಾ ತೆರೆದೇ ಇಡುತ್ತಿದ್ದ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದಲ್ಲಿದ್ದಾಗ ಈ ತಾಪತ್ರಯ ಇರಲಿಲ್ಲ. ಕೆಳಗಡೆ ಗಾಜಿನ ಹಿಂದೆ ಕೂತವಳೊಬ್ಬಳು ಬಿಲ್ಲು ಹರಿದು ಕೊಡುತ್ತಿದ್ದಳು. ಅದಕ್ಕೂ ಅವನಿಗೂ ಸಂಬಂಧವೇ ಇಲ್ಲ ಎಂಬಂತೆ ಅವನು ಮೇಲಿನ ಮಹಡಿಯಲ್ಲಿ ಮೊಣಕಾಲು ನೀವುತ್ತಿದ್ದ. ಸ್ವಂತ ರೂಮು ಮಾಡಿದ ಮೇಲೆಯೇ ಗೊತ್ತಾದದ್ದು: ನೋವಿರುವ ಮೈಯನ್ನು ಮುಟ್ಟಿದ ಕೈಯನ್ನೇ, ಇನ್ನೂ ಅದರ ಬಿಸಿ ಆರಿರದಾಗಲೇ, ಅಂಗಾತ ಮಾಡಿ ಚಾಚಬೇಕು. ಅದರಲ್ಲೇನೋ ಅಸಹ್ಯವಿದೆ ಅನ್ನಿಸುತ್ತಿತ್ತು. “ಇರ್ಲಿ ಬಿಡಿ, ಆಮೇಲೆ ನೋಡೋಣ” ಅನ್ನುತ್ತಿದ್ದ. ಕೆಲವರು ಎರಡು ಸಲ ಒತ್ತಾಯ ಮಾಡುತ್ತಿದ್ದರು. ಮೂರನೆಯ ಸಲ ಯಾರೂ ಮಾಡುತ್ತಿರಲಿಲ್ಲ. ಹೋಗುವಾಗ ಕೈಮುಗಿಯುತ್ತಿದ್ದರು. ಆ ನಮಸ್ಕಾರವನ್ನು ಅವನು ಕಣ್ಣು ತಗ್ಗಿಸಿ, ಆದರೆ ಪೂರ್ತಿಯಾಗಿ, ತೆಗೆದುಕೊಳ್ಳುತ್ತಿದ್ದ.

ಹತ್ತು ಗಂಟೆಯ ಹೊತ್ತಿಗೆ ಪಿಟೀಲು ಮೇಡಂ ಬಂದಳು. ಅವನದೇ ಬೀದಿಯವಳು. ಮನೆಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ. ಬೇಸಿಗೆಯಲ್ಲಿ ಅವಳ ಬಲಭುಜ ಮರಗಟ್ಟಿ, ಕೈ ಎದೆಯಿಂದ ಮೇಲಕ್ಕೆ ಏಳದಾಗಿತ್ತು. ತರಕಾರಿ ಚೀಲವನ್ನು ಎಡಗೈಗೆ ಬದಲಾಯಿಸಲು ಒದ್ದಾಡುತ್ತಿದ್ದವಳನ್ನು ಬೀದಿಯಲ್ಲಿ ಕಂಡು ಅವನೇ ಕರೆದಿದ್ದ. “ದುಡ್ಡು ಗಿಡ್ಡು ಏನೂ ಬೇಡ, ನೀವು ಬನ್ನಿ ಸಾಕು.” ಅಂದಿನಿಂದ ವಾರಕ್ಕೆ ಮೂರು ಸಲ ತಪ್ಪದೆ ಬರುತ್ತಿದ್ದಳು.

ಮಂಚದ ಮೇಲೆ ಮಲಗಿಸಿ, ಮೊಣಕೈ ಹಿಡಿದು ತೋಳನ್ನು ನಿಧಾನವಾಗಿ ತಲೆಯ ಕಡೆಗೆ ಎಳೆದ. ಅವಳು ಕಣ್ಣು ಮುಚ್ಚಿಕೊಂಡಳು. ಯಾವತ್ತೂ ಹಾಗೆಯೇ. ನರಳಿದವಳಲ್ಲ, ಸೆಟೆದವಳಲ್ಲ. ತನ್ನ ಕೈಗುಣದ ಮೇಲೆ ಅವನಿಗೆ ನಂಬಿಕೆ ಬಂದಿದ್ದೇ ಆ ಮೌನದಿಂದ.

“ಈಗ ನೀವಾಗೇ ಎತ್ತಿ.”

ಎತ್ತಿದಳು. ಕೈ ಕಿವಿಯನ್ನು ದಾಟಿ, ತಲೆಯ ಹಿಂದೆ ಹೋಗಿ, ತುರುಬನ್ನು ಮುಟ್ಟಿತು. ನಿನ್ನೆ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದು ಇದೇ ಕೈಯ ಬಗ್ಗೆ.

ಅವಳು ಸೆರಗು ಸರಿಮಾಡಿಕೊಂಡು ಇಳಿದಳು. ಈಗ.

“ಮೇಡಂ, ಒಂದು ಮಾತು.”

“ಹೇಳಿ.”

“ಏನಿಲ್ಲ. ಈ ರೂಮಿನ ಬಾಡಿಗೆ ಜಾಸ್ತಿ ಮಾಡಿದಾರೆ.” ಮಾಡಿರಲಿಲ್ಲ.

“ಹೌದಾ?”

“ಕರೆಂಟೂ ಹಂಗೇ. ಅದಕ್ಕೆ... ನೀವು ತಪ್ಪು ತಿಳ್ಕೊಬಾರದು...” ಅವನು ಪ್ಲಾಸ್ಟಿಕ್ ಬೆನ್ನೆಲುಬನ್ನು ನೋಡುತ್ತಿದ್ದ.

“ಫೀಸಾ?”

ಅವನು ಹೌದೆಂದು ತಲೆಯಾಡಿಸಿದ. ಅವಳ ಮುಖ ಬಾಡುವುದನ್ನು ನೋಡಲು ಧೈರ್ಯ ತಂದುಕೊಂಡು ತಿರುಗಿದ. ಮುಖ ಅರಳಿತ್ತು.

“ಅಬ್ಬಾ, ಕೇಳಿದ್ರಲ್ಲ!” ಅವಳು ಆಗಲೇ ಚೀಲದ ಜಿಪ್ಪು ಎಳೆಯುತ್ತಿದ್ದಳು. “ಮೊದಲಿಂದ ಎಲ್ಲಾ ಸೇರಿಸಿ ಹೇಳಿ.”

“ಛೆ, ಹಿಂದಿಂದು ಬೇಡ. ಇನ್ಮೇಲಿಂದು...”

“ಬೇಡ ಅನ್ಬೇಡಿ. ಹಿಂದಿಂದು ತೀರದಿದ್ರೆ ನಾಡಿದ್ದು ಮತ್ತೆ ಬರಬೇಕಾಗುತ್ತೆ.”

“ಬರಬೇಕಲ್ಲ?”

ಅವಳು ಜಿಪ್ಪಿನ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿದಳು. ಹೇಳಲೋ ಬೇಡವೋ ಎಂದು ಅಳೆದಂತೆ ಅವನನ್ನು ನೋಡಿದಳು.

“ನೀವು ಎಳೆದಾಗ ಜೀವ ಹೋದಂಗೆ ಆಗ್ತಿತ್ತು ಡಾಕ್ಟ್ರೇ.”

“ಹೇಳಬಹುದಿತ್ತಲ್ಲ!”

“ಬಿಟ್ಟಿ ಮಾಡೋರಿಗೆ ಹೆಂಗ್ ಹೇಳೋದು? ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಹುಡುಗಿ ಇದಾಳೆ, ನಿಮ್ಮ ಥರಾನೇ ಓದಿರೋಳು. ಎರಡು ತಿಂಗಳಿಂದ ಅಲ್ಲಿಗೂ ಹೋಗ್ತಿದೀನಿ. ಕಾಸು ಎಣಿಸಿ ತಗೋತಾಳೆ. ನೋವಾದ್ರೆ ಕಿರುಚ್ತೀನಿ, ನಿಲ್ಸೇ ಅಂತೀನಿ. ನಿಲ್ಲಿಸ್ತಾಳೆ.”

ತುರುಬು ಮುಟ್ಟಿದ ಆ ಕೈಯನ್ನು ಅವನು ನೋಡಿದ. ಅದು ಬೇರೆ ಯಾರದೋ ಮನೆಯ ಸಾಮಾನಿನಂತೆ ಕಂಡಿತು.

“ಮತ್ತೆ ಇಲ್ಲಿಗ್ಯಾಕೆ ಬರ್ತಿದ್ರಿ?”

“ನಿಮಗೆ ಬೇಜಾರಾಗಬಾರದು ಅಂತ.” ಅವಳ ದನಿ ತಗ್ಗಿತು. “ನಾನು ಕೈ ಎತ್ತಿದಾಗೆಲ್ಲ ನಿಮ್ಮ ಮುಖ ಹೆಂಗಾಗ್ತಿತ್ತು ಗೊತ್ತಾ? ಮಗು ಥರ. ಅದನ್ನ ಹೆಂಗ್ ತಪ್ಪಿಸೋದು?”

ಅಂದರೆ ವಾರಕ್ಕೆ ಮೂರು ಸಲ, ಹಲ್ಲು ಕಚ್ಚಿಕೊಂಡು, ಅವಳೇ ಅವನಿಗೆ ಚಿಕಿತ್ಸೆ ಕೊಟ್ಟು ಹೋಗುತ್ತಿದ್ದಳು. ಅದೂ ಬಿಟ್ಟಿಯಾಗಿ.

ಅವಳು ದುಡ್ಡು ಮುಂದೆ ಮಾಡಿದಳು. ಅವನ ಕೈ ಏಳಲಿಲ್ಲ. ಭುಜದಿಂದ ಕೆಳಗೆ ಏನೂ ಇಲ್ಲವೇನೋ ಅನ್ನಿಸಿತು. ಕೊನೆಗೆ ಅವಳೇ ಅವನ ಅಂಗೈಯಲ್ಲಿ ನೋಟುಗಳನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಪಿಟೀಲು ಕಲಿಯಲು ಬಂದ ಮಗುವಿಗೆ ಕಮಾನು ಹಿಡಿಸುವಂತೆ. ಹೊರಟಾಗ ಕೈಮುಗಿಯಲಿಲ್ಲ. “ಬರ್ಲಾ?” ಅಂದಳು. ಮೆಟ್ಟಿಲಿಳಿಯುವ ಅವಳ ಹೆಜ್ಜೆ ಹಗುರವಾಗಿತ್ತು. ರಜೆ ಸಿಕ್ಕವರ ಹೆಜ್ಜೆ.

ಅವನು ಮಂಚದ ಅಂಚಿನಲ್ಲಿ ಕೂತ. ಹಿಂದೆ ಬಂದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಸೊಂಟ ಹಿಡಿದ ಗುಮಾಸ್ತ. ಕತ್ತು ತಿರುಗದ ಷಡ್ಡಕ. ಹಿಮ್ಮಡಿ ನೋವಿನ ಅಜ್ಜಿ, ಎಷ್ಟು ಒತ್ತಿದರೂ “ಹಾಯಾಗಿದೆಯಪ್ಪಾ” ಅನ್ನುತ್ತಿದ್ದವಳು. ಯಾರೂ ಅವನೆದುರು ಅಯ್ಯೋ ಅಂದಿರಲಿಲ್ಲ. ಹೊರಗೆ ಬೀದಿಗಿಳಿದು ಅಂದಿರಬೇಕು.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

“ಬೆಳಿಗ್ಗೆ ಬಚ್ಚಲಲ್ಲಿ ಫೀಸು ಅಂತಿದ್ರಲ್ಲ, ಕೇಳಿದ್ರಾ?”

“ಕೇಳಿದೆ.”

“ಕೊಟ್ರಾ?”

“ಕೊಟ್ರು. ಎಲ್ಲಾ ಕೊಟ್ರು.”

“ನೋಡಿ! ಸುಮ್ನೆ ಹೆದರ್ತಿದ್ರಿ. ಏನಾದ್ರೂ ಆಯ್ತಾ?”

“ಏನೂ ಆಗ್ಲಿಲ್ಲ.”

ನಾಲ್ಕರ ಸುಮಾರಿಗೆ ಒಬ್ಬ ದಪ್ಪ ಮನುಷ್ಯ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. ಗುರುತಿಲ್ಲದವನು. ಬೆನ್ನು ನೋವಂತೆ. ಕೂರುವ ಮೊದಲೇ “ಎಷ್ಟಾಗುತ್ತೆ?” ಅಂದ. ಅವನು ಫೀಸು ಹೇಳಿದ. ಹೇಳಿದ್ದು ತಾನೇ ಎಂದು ಅವನಿಗೆ ನಂಬಲಾಗಲಿಲ್ಲ; ಅಷ್ಟು ಸಲೀಸಾಗಿ ಬಂದಿತ್ತು. ಆ ಮನುಷ್ಯ ಚೌಕಾಶಿ ಮಾಡಲಿಲ್ಲ. ಅಂಗಿ ಬಿಚ್ಚಿ, ಬೋರಲು ಮಲಗಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

“ನೋವಾದ್ರೆ ಹೇಳಿ,” ಅಂದ ಅವನು. ಈ ಮಾತನ್ನು ಮೊದಲ ಸಲ ಆಡುತ್ತಿದ್ದ.

“ಹ್ಞೂಂ.”

ಒತ್ತಿದ. ಆ ಮನುಷ್ಯ ಏನೂ ಅನ್ನಲಿಲ್ಲ. ಇನ್ನಷ್ಟು ಬಲ ಹಾಕಿದ. “ನೋವಾಗ್ತಿದೆಯಾ?” ಬಗ್ಗಿ ನೋಡಿದರೆ ಬಾಯಿ ತೆರೆದಿತ್ತು, ಸಣ್ಣಗೆ ಗೊರಕೆ ಶುರುವಾಗಿತ್ತು.

ಅವನು ಕೈ ತೆಗೆದ. ಆ ಅಗಲವಾದ ಬೆನ್ನಿನ ಮೇಲೆ ಅವನ ಹತ್ತು ಬೆರಳಿನ ಗುರುತುಗಳು ಬೆಳ್ಳಗೆ ಮೂಡಿದ್ದವು. ನೋಡುತ್ತಿದ್ದಂತೆಯೇ ಅಂಚಿನಿಂದ ರಕ್ತ ತುಂಬಿಕೊಳ್ಳುತ್ತ ಬಂದು, ಒಂದೊಂದೇ ಮಾಸಿ, ಬೆನ್ನು ಯಾರೂ ಮುಟ್ಟಿಯೇ ಇಲ್ಲವೆಂಬಂತಾಯಿತು. ಅವನು ಮತ್ತೆ ಒತ್ತಿದ. ಮತ್ತೆ ಮೂಡಿದವು. ಮತ್ತೆ ಮಾಸಿದವು. ಆ ಮನುಷ್ಯ ಗೊರಕೆ ಹೊಡೆಯುತ್ತಲೇ ಇದ್ದ. ಅವನು ಒತ್ತುತ್ತಲೇ ಇದ್ದ.