ಸೋಮವಾರದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಎಪ್ಪತ್ತು ದಾಟಿದರೂ ಇಳಿದಿಲ್ಲ, ಸೊಸೆಯಂದಿರನ್ನು ಕೇಳಿ ಬೇಕಾದರೆ. ಆದರೆ ಒಂದು ತಂಬಿಗೆ ನೀರು ಎತ್ತುವಾಗಲೆಲ್ಲ ಕುರುಬರ ಸಾತವ್ವನನ್ನು ನೆನೆಯುತ್ತೇನೆ. ಆಕೆಯ ಉಪಕಾರ ನನ್ನ ಮೇಲೆ ಅಷ್ಟಿದೆ.

ನಮ್ಮದು ಬೀಳಗಿ ಕಡೆಯ ಕಲ್ಲುನೆಲದ ಮಡ್ಡಿ ಊರು. ಹೊಳೆ ಕಾಣಬೇಕೆಂದರೆ ಅನಗವಾಡಿಗೇ ಹೋಗಬೇಕು, ಎರಡು ಹರದಾರಿ. ಆಗ ಮುಂಬೈ ಸರಕಾರ. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ದೀಪಾವಳಿ ಮುಗಿದ ಮೇಲೆ ಒಬ್ಬ ಓವರಸಿಯರ್ ಸಾಹೇಬರು ಟೇಪು, ನಕಾಶೆ ಹಿಡಿದುಕೊಂಡು ಬಂದರು. ಬೇಸಿಗೆಗೆ ಯಾವ ಬಾವಿ ಉಳಿಯುತ್ತದೆ, ಯಾವುದು ಬತ್ತುತ್ತದೆ ಎಂದು ಈಗಲೇ ಗೊತ್ತುಮಾಡುವುದು ಅವರ ಕೆಲಸ. ಗಟ್ಟಿ ಬಾವಿ ಸಿಕ್ಕರೆ ನಮ್ಮೂರು ಸೇರಿ ಸುತ್ತಲಿನ ಮೂರು ಊರನ್ನು ಅದಕ್ಕೇ ಹಚ್ಚುವುದು, ಸಿಗದಿದ್ದರೆ ಬರಗಾಲದ ಕಾಮಗಾರಿಯಲ್ಲಿ ಹೊಸದೊಂದು ತೋಡಿಸುವುದು.

"ಹೊಸಾದು ಯಾಕ ಬೇಕ್ರಿ ಸಾಹೇಬ್ರ? ನಮ್ಮ ಮುತ್ಯಾ ಕಟ್ಟಿಸಿದ ಬಾವಿ ಐತಲ್ಲ. ಇವತ್ತಿನ ತನಕ ಬತ್ತಿಲ್ಲ" ಎಂದೆ. ಎದೆ ಎರಡು ಗೇಣು ಉಬ್ಬಿತ್ತು.

ಸೋಮವಾರ ಬನ್ನಿ ಎಂದು ನಾನೇ ಕರೆದೆ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕೆಲಸವಿಲ್ಲದ ಮಂದಿಯೆಲ್ಲ ಬಂದು ನನ್ನ ಬಾವಿಯ ದೊಡ್ಡಸ್ತಿಕೆ ನೋಡಲಿ ಎಂಬ ಆಸೆ. ಮೂರೂ ಊರಿನವರು ಬಂದರು. ಸಾಹೇಬರು ಟೇಪು ಇಳಿಬಿಟ್ಟರು. ಮೂರು ಮಾರು ನೀರು! ಮಂದಿ ಹೋ ಎಂದರು. ಸಾಹೇಬರು ಬರೆದುಕೊಳ್ಳಲು ಪೆನ್ಸಿಲ್ ತೆಗೆದರು.

ಆಗ ಹಿಂದಿನಿಂದ ಸಾತವ್ವ ಮಾತಾಡಿದಳು. ವರ್ಷ ವರ್ಷವೂ ಅವಳ ಕುರಿಗಳು ರಾತ್ರಿ ನನ್ನ ಹೊಲದಲ್ಲಿ ತರುಬುತ್ತಿದ್ದವು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಬದಲಿಗೆ ಅವು ನನ್ನ ಬಾವಿಯ ಕಲ್ಲಿನ ದೋಣಿಯಲ್ಲಿ ನೀರು ಕುಡಿಯುತ್ತಿದ್ದವು.

"ಸಾಹೇಬ್ರ, ಇವತ್ತ ಕಪಲಿ ಹೂಡಿಲ್ರೀ. ನಿನ್ನಿ ಸಂಜಿಯಿಂದ ಒಂದ ಕೊಡಾನೂ ಎತ್ತಿಲ್ಲ, ಅದಕ್ಕ ಇಷ್ಟ ನಿಂತೈತಿ. ನಾಳಿ ಸಂಜಿಮುಂದ ಅಳೀರಿ. ತಳದ ಕಲ್ಲ ಕಾಣತಾವ."

ನನಗೆ ಮೈಯೆಲ್ಲ ಉರಿಯಿತು. "ನನ್ನ ಬಾವೀದು ನನಗ ಗೊತ್ತಿಲ್ಲೇನ ಬೇ?" ಎಂದು ಗದರಿದೆ. ಖರೆ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ನಾನು ಬಾವಿ ಬಗ್ಗಿ ನೋಡುತ್ತಿದ್ದದ್ದು ಸೋಮವಾರ ಪೂಜೆಗೆ ಹೋದಾಗ ಮಾತ್ರ. ಉಳಿದ ದಿನ ಎತ್ತು ಕಟ್ಟಿ ಕಪಿಲೆ ಹೊಡೆದು ತೋಟಕ್ಕೆ ನೀರೆತ್ತುತ್ತಿದ್ದವನು ಆಳುಮಗ ಹುಲೆಪ್ಪ. ನನ್ನ ಸಿಟ್ಟಿಗೆ ಹೆದರಿ ಬಾವಿಯ ತಳ ಕಾಣುವ ಸುದ್ದಿಯನ್ನು ಅವನು ನನ್ನ ತನಕ ತರುತ್ತಿರಲಿಲ್ಲ.

ಸಾಹೇಬರು ಪೆನ್ಸಿಲ್ ಒಳಗಿಟ್ಟು ಚಾವಡಿಯಲ್ಲಿ ಉಳಿದರು. ಮಂಗಳವಾರ ಸಂಜೆ ಅಳೆದರೆ ಮೊಳಕಾಲು ಮುಳುಗುವಷ್ಟು ನೀರು. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಮಾರೂ ಏರಿರಲಿಲ್ಲ. "ಇದು ನಿಮ್ಮ ಒಬ್ಬರ ತ್ವಾಟಕ್ಕ ಸಾಕ್ರಿ ಶಿದ್ರಾಮಪ್ಪನವರ, ಮೂರ ಊರಿಗೆ ಅಲ್ಲ" ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಆಮೇಲೆ ಸಾತವ್ವನನ್ನೇ ಕೇಳಿದರು. ಹಳ್ಳ ತಿರುಗುವ ಕಡೆ, ಉಸುಕಿನಲ್ಲಿ ಕುರುಬರು ವರತಿ ತೋಡಿಕೊಳ್ಳುವ ಜಾಗ ತೋರಿಸಿದಳು. ಅಲ್ಲಿ ಮೊಳದಷ್ಟು ಕೆದರಿದರೆ ಬಿರುಬೇಸಿಗೆಯಲ್ಲೂ ನೀರು ಜಿನುಗುತ್ತದಂತೆ. ಹೊಸ ಬಾವಿಗೆ ಅದೇ ಜಾಗ ಗೊತ್ತಾಯಿತು.

ನಾನು ಮಾಡಿದ್ದೇನು ಗೊತ್ತೇ? ಅವತ್ತೇ ಅವಳ ಕುರಿಗಳಿಗೆ ದೋಣಿ ಬಂದ್ ಮಾಡಿದೆ. ಚಳಿಗಾಲವೆಲ್ಲ ಆಕೆ ಕುರಿ ಹೊಡೆದುಕೊಂಡು ಅನಗವಾಡಿ ಹೊಳೆಗೆ ಹೋಗಿ ಬಂದಳು. ನನ್ನ ಮನೆಯ ಮುಂದೆಯೇ ಹಾದಿ.

ಬಸವ ಜಯಂತಿಯ ಹೊತ್ತಿಗೆ ನನ್ನ ಬಾವಿ ಪೂರಾ ಬತ್ತಿತು. ಬಗ್ಗಿ ನೋಡಿದರೆ ತಳದಲ್ಲಿ ಒಣ ಕಲ್ಲು, ಒಂದು ಸತ್ತ ಓತಿಕ್ಯಾತ. ಮನೆಯಲ್ಲಿ ಎಂಟು ದಿನದ ಬಾಣಂತಿ ಮಗಳು, ಅವಳ ಕೂಸು. ಕೊಡ ಹೊತ್ತುಕೊಂಡು ಹಳ್ಳದ ಹೊಸ ಬಾವಿಗೆ ನಾನೇ ಹೋದೆ. ಮೂರೂ ಊರಿನ ಮಂದಿ ಪಾಳಿ ಹಚ್ಚಿ ನಿಂತಿದ್ದರು, ಆದರೆ ಜಗಳವಿರಲಿಲ್ಲ. ಎಲ್ಲರಿಗೂ ಸಾಲುವಷ್ಟು ನೀರಿತ್ತು. ಗಡಗಡಿಯ ಹತ್ತಿರ ನಿಂತು ಹಗ್ಗ ಜಗ್ಗುತ್ತಿದ್ದವಳು ಸಾತವ್ವ.

ನನ್ನ ಕೊಡ ಇಸಿದುಕೊಂಡು ತುಂಬಿದಳು. ನನಗೆ ತಡೆಯಲಾಗಲಿಲ್ಲ.

"ಸಾತವ್ವ, ನಾನು ದೋಣಿ ಬಂದ್ ಮಾಡತೇನಿ ಅಂತ ನಿನಗ ಗೊತ್ತಿತ್ತು. ಆದರೂ ಯಾಕ ಹೇಳಿದಿ?"

"ನೀವು ಸಿಟ್ಟಿನ ಮನಶ್ಯಾರು, ನನಗ ಗೊತ್ತಿರಲಿಲ್ಲೇನ್ರಿ?" ಎಂದು ನಕ್ಕಳು. "ಆದರ ಯಪ್ಪಾ, ಇವತ್ತ ಈ ಮಂದಿ ಎಲ್ಲಾ ಖಾಲಿ ಕೊಡಾ ಹಿಡಕೊಂಡ ನಿಮ್ಮ ಬಾಗಿಲಿಗೆ ಬಂದ ನಿಂತಿದ್ದರ, ಇಲ್ಲ ಅಂತ ನೀವು ಹೆಂಗ ಅಂತಿದ್ರಿ? ಆಗ ಸಣ್ಣಾದ ನಿಮ್ಮ ಮಾರಿ ನನ್ನ ಕಡಿಂದ ನೋಡಾಕ ಆಗತಿದ್ದಿಲ್ಲ."

ಪಾಳಿಯಲ್ಲಿ ನಿಂತಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದೆ. ಆಮೇಲೆ ತುಂಬಿದ ಕೊಡ ನೆಲಕ್ಕಿಟ್ಟು, ಮೂರೂರ ಮಂದಿಯ ಎದುರಿಗೆ ಎರಡೂ ಕೈ ಜೋಡಿಸಿ ಅವಳಿಗೆ ಶರಣು ಎಂದೆ.