ಧರೆಪ್ಪಜ್ಜನ ಅಳತೆ

ರೆಡಿಮೇಡ್ ಬೂಟಿನ ಕಾಟಕ್ಕೆ ರೋಸಿ, ಅಳತೆ ಕೊಟ್ಟು ಹೊಲಿಸಲು ಸಿಂದಗಿಯ ಧರೆಪ್ಪಜ್ಜನ ಅಂಗಡಿಗೆ ಹೋದೆ.

“ಕಾಲ ಇಡ್ರಿ ಮಾಸ್ತರ,” ಎಂದು ಅಜ್ಜ ಕಾಗದ ಹಾಸಿದ. ಎಂಬತ್ತರ ಹಿರಿಯ ನನ್ನ ಪಾದ ಹಿಡಿಯುವುದೆಂದರೇನು! ಸಂಕೋಚಕ್ಕೆ ಬೆರಳೆಲ್ಲ ಮುದುಡಿದವು. ಅಜ್ಜ ಅವುಗಳ ಸುತ್ತಲೇ ಪೆನ್ಸಿಲ್ ಎಳೆದ.

ಹೊಸ ಬೂಟು ಮೊದಲ ದಿನವೇ ಶಾಲೆಯಲ್ಲಿ ಬೆರಳು ಹಿಂಡಿತು. ಸಿಟ್ಟು ನೆತ್ತಿಗೇರಿ, ಸಂಜೆಯೇ ಅಂಗಡಿಗೆ ನುಗ್ಗಿದೆ.

“ಇದೆಂಥಾ ಅಳತಿ ಅಜ್ಜಾ? ನಡ್ಯಾಕ ಆಗವಲ್ದು!”

ಅಜ್ಜ ನನ್ನ ಬೂಟುಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಬೆರಳುಗಳು ಮತ್ತೆ ಮುದುಡಿದವು. ಬೂಟು ಹೇಳಿ ಮಾಡಿಸಿದಂತೆ ಕೂತಿತು.

“ಈಗ ಹ್ಯಾಂಗೈತ್ರಿ?”

“ಈಗ... ಬರೋಬರಿ ಐತ್ರಿ.”

“ಮತ್ತ! ಬೂಟಿಂದೇನು ತಪ್ಪಿಲ್ಲ. ಸಾಲ್ಯಾಗೂ ಹಿರ್ಯಾರಿಗೆ ಇಷ್ಟ ಮರ್ಯಾದಿ ಕೊಡ್ರಿ, ಹಿಂಡಂಗಿಲ್ಲ.”